ಎರಡು ಕೆಬಿ ಸಾಕ್ಷ್ಯ

ಕುತ್ತಿಗೆಗೆ ಮಫ್ಲರ್ ಸುತ್ತಿದ್ದವನ ಮೊಣಕಾಲು ನನ್ನ ಬೆನ್ನ ಮೇಲಿತ್ತು.

ಕೆನ್ನೆ ಸಿಮೆಂಟಿಗೆ ಅಂಟಿಕೊಂಡಿತ್ತು. ಬಾಯಲ್ಲಿ ರಕ್ತ... ಜೊತೆಗೆ ಒಂದು ಹಲ್ಲು. ನನ್ನದೇ.

"ಎಲ್ಲಿದೆ ಡಿಸ್ಕು?"

"ಯಾವ ಡಿಸ್ಕು?"

ಅವನು ನನ್ನ ಎಡಗೈಯ ಕಿರುಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದ. ಲಟಕ್ ಅಂತು.

"ಈಗ ನೆನಪಾಯ್ತಾ?"

ನೆನಪಾಗುವುದೇನು, ಅದು ನನ್ನ ಹೊಟ್ಟೆಯ ಕೆಳಗೇ ಇತ್ತು. ಬನಿಯನ್ನಿನೊಳಗೆ, ಟೇಪು ಸುತ್ತಿ. ಇಸ್ಪೀಟಿನ ಪ್ಯಾಕಿನಷ್ಟು ದೊಡ್ಡ ಹಾರ್ಡ್ ಡಿಸ್ಕು.

ಬೆಳಿಗ್ಗೆ ಹತ್ತು ಗಂಟೆ. ಪಾರ್ಕಿಂಗ್ ಕಟ್ಟಡದ ಎರಡನೇ ಮಹಡಿ. ವಿಚಾರಣೆ ಹನ್ನೊಂದಕ್ಕೆ.

ಏಟು ತಿಂದ ಭಾಗವನ್ನು ಮೊದಲು ಹೇಳುತ್ತಿದ್ದೇನೆ. ಯಾಕೆಂದರೆ ಅದು ಹೇಳುವುದಕ್ಕೆ ಸುಲಭ.

ನಾನು ಹದಿನೈದು ವರ್ಷ ಪೊಲೀಸಿನಲ್ಲಿದ್ದೆ. ಆಮೇಲೆ ವಕೀಲರಿಗೆ ಸಾಕ್ಷಿ ಹುಡುಕಿ ಕೊಡುವ ಕೆಲಸ. ನನ್ನ ಅಕ್ಕ ಒಂದು ಬ್ಯಾಟರಿ ಕಾರ್ಖಾನೆಯ ಕ್ಲಿನಿಕ್ಕಿನಲ್ಲಿ ನರ್ಸು. ಅಲ್ಲಿ ಕೆಲಸಗಾರರ ರಕ್ತದಲ್ಲಿ ಸೀಸ ಸೇರುತ್ತಿತ್ತು. ಆರು ತಿಂಗಳಿಗೊಮ್ಮೆ ಹೊರಗಿನ ಲ್ಯಾಬಿನಿಂದ ವರದಿ ಬರುತ್ತಿತ್ತು. ಮ್ಯಾನೇಜರು ಅದನ್ನು ಹರಿದು ಹಾಕಿ, "ನಾರ್ಮಲ್ ಅಂತ ಬರೀರಿ ಸಿಸ್ಟರ್" ಅನ್ನುತ್ತಿದ್ದ. ಅಕ್ಕ ಬರೆಯುತ್ತಿದ್ದಳು. ಆದರೆ ಹರಿಯುವ ಮೊದಲು ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ಮನೆಯ ಕಂಪ್ಯೂಟರಿನಲ್ಲಿ ಇಡುತ್ತಿದ್ದಳು. ಒಂಬತ್ತು ವರ್ಷ. ನೂರ ಹನ್ನೆರಡು ಜನ.

ಕೊನೆಗೆ ತಾಳಲಾರದೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ಕಂಪನಿಯವರು, ಅಂಥ ಪರೀಕ್ಷೆಯೇ ನಡೆದಿಲ್ಲ ಅಂದರು. ಲ್ಯಾಬಿನವರು, ಆದೇಶವಿಲ್ಲದೆ ದಾಖಲೆ ಕೊಡುವುದಿಲ್ಲ ಅಂದರು.

ಆ ವರದಿಗಳು ನನ್ನ ಬನಿಯನ್ನಿನಲ್ಲಿದ್ದವು.

ಪಕ್ಕದ ಸಾಲಿನಲ್ಲಿ ಯಾವುದೋ ಕಾರು ರಿವರ್ಸ್ ಬಂತು. ಡ್ರೈವರು ಹಾರ್ನ್ ಒತ್ತಿದ. ಮಫ್ಲರ್‌ನವನು ತಲೆ ಎತ್ತಿದ.

ಅಷ್ಟೇ ಸಾಕಿತ್ತು.

ಹಿಮ್ಮಡಿಯಿಂದ ಅವನ ಮೊಣಕಾಲ ಚಿಪ್ಪಿಗೆ ಒದ್ದೆ. ಉರುಳಿ ಎದ್ದೆ. ಇಳಿಜಾರಿನ ದಾರಿ ಹಿಡಿದು ಓಡಿದೆ. ಮೊದಲ ಮಹಡಿಯ ತಿರುವಿನಲ್ಲಿ ಇನ್ನೊಬ್ಬ ಬೈಕು ಅಡ್ಡ ನಿಲ್ಲಿಸಿಕೊಂಡಿದ್ದ. ಬೇರೆ ದಾರಿಯಿಲ್ಲ. ಗಿಡ್ಡ ಗೋಡೆ ಹತ್ತಿ ಹಾರಿದೆ... ಕೆಳಗಿದ್ದ ಬೇಕರಿಯ ಟಾರ್ಪಾಲಿನ ಮೇಲೆ ಬಿದ್ದೆ. ಟಾರ್ಪಾಲು ಹರಿಯಿತು. ರಟ್ಟಿನ ಡಬ್ಬಗಳು ನನ್ನನ್ನು ಹಿಡಿದವು.

"ಏನ್ರೀ ಇದು?" ಅಂದ ಬೇಕರಿಯವನು.

"ಆಮೇಲೆ ಹೇಳ್ತೀನಿ."

ಅವನ ಒಲೆಯ ಪಕ್ಕದಿಂದ ನುಗ್ಗಿ ಮುಂದಿನ ಬೀದಿಗೆ ಬಂದೆ. ಹೊರಡುತ್ತಿದ್ದ ಬಸ್ಸಿಗೆ ಜಿಗಿದೆ. ಹಿಂದೆ ಬೈಕು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಮುಂದಿನ ಬಾಗಿಲಿನಿಂದ ಇಳಿದು, ಬಟ್ಟೆ ಅಂಗಡಿಯೊಂದರ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬಿದ್ದೆ.

ಹತ್ತು ನಲವತ್ತು. ವಕೀಲರ ಕೋಣೆ ತಲುಪಿದೆ.

ಅಕ್ಕ ನನ್ನ ಮುಖ ನೋಡಿದಳು, ಕೈ ನೋಡಿದಳು. ನರ್ಸಲ್ಲವೇ. ಮೇಜಿನ ಮೇಲಿದ್ದ ಸ್ಕೇಲು ಮುರಿದು ನನ್ನ ಬೆರಳಿಗೆ ಕಟ್ಟಿದಳು. ವಕೀಲೆ ಲ್ಯಾಪ್‌ಟಾಪ್ ತೆರೆದರು. ಹೊರಗಿನ ಬೆಂಚಿನಲ್ಲಿ ಕಾರ್ಖಾನೆಯ ಹಳೇ ಲೋಡರ್ ಒಬ್ಬ ಕೂತಿದ್ದ. ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ನಡುಗುತ್ತಿದ್ದವು.

ಡಿಸ್ಕು ಚುಚ್ಚಿದೆವು. ಒಂದು ಫೋಲ್ಡರ್ ಕಂಡಿತು. ವಕೀಲೆ ಕ್ಲಿಕ್ ಮಾಡಿದರು.

ತೆರೆಯಲಿಲ್ಲ.

ಮತ್ತೆ ಮಾಡಿದರು. ಫೈಲು ಸಿಗುತ್ತಿಲ್ಲ ಎಂಬ ಸಂದೇಶ ಬಂತು.

ನಾನು ಪರದೆಯ ಹತ್ತಿರಕ್ಕೆ ಬಗ್ಗಿದೆ. ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಬಾಣ. ಗಾತ್ರ, ಎರಡು ಕೆಬಿ.

ಶಾರ್ಟ್‌ಕಟ್.

ಮನೆಯ ವಿಳಾಸ ಬರೆದ ಚೀಟಿ ಇದ್ದ ಹಾಗೆ. ಚೀಟಿ ತಂದಿದ್ದೆ, ಮನೆ ತಂದಿರಲಿಲ್ಲ.

ಸೋಮವಾರ ಅಕ್ಕನ ಮನೆಗೆ ಯಾರೋ ಕೇಬಲ್‌ನವನ ವೇಷದಲ್ಲಿ ಬಂದು ಕಂಪ್ಯೂಟರಿನ ಮೇಲೆ ಕಣ್ಣಾಡಿಸಿ ಹೋಗಿದ್ದ. ಅವಳು ಹೆದರಿ ನನ್ನನ್ನು ಕರೆದಿದ್ದಳು. ನಾನು ಹೊಸ ಡಿಸ್ಕು ತಗೊಂಡು ಹೋಗಿ, ಪರದೆಯ ಮೇಲಿದ್ದ ಫೋಲ್ಡರನ್ನು ಎಳೆದು ಅದರೊಳಗೆ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

"ಇಷ್ಟು ಬೇಗ ಆಯ್ತಾ?" ಎಂದಳು ಅಕ್ಕ.

"ಹೊಸ ಡಿಸ್ಕು. ಸ್ಪೀಡು ಜಾಸ್ತಿ."

"ಒಂದ್ಸಲ ತೆಗೆದು ನೋಡೋ."

"ನನಗೇ ಹೇಳ್ಕೊಡ್ತೀಯಾ ಅಕ್ಕ?"

ಅಷ್ಟಕ್ಕೇ ಬಿಟ್ಟಿದ್ದರೂ ಬಚಾವಾಗುತ್ತಿದ್ದೆವು. ನಿಜವಾದ ಫೈಲುಗಳು ಕಂಪ್ಯೂಟರಿನೊಳಗೆ ಬೇರೆ ಜಾಗದಲ್ಲಿ ಭದ್ರವಾಗಿಯೇ ಇದ್ದವು. ಆದರೆ ನಾನು ಬುದ್ಧಿವಂತ. ಅವರು ಕಂಪ್ಯೂಟರ್ ಕದ್ದರೂ ಏನೂ ಸಿಗಬಾರದು ಅಂತ ಅದನ್ನು ಪೂರ್ತಿ ಒರೆಸಿದೆ. ಸುಮ್ಮನೆ ಅಳಿಸಲಿಲ್ಲ... ಯಾವ ತಜ್ಞನೂ ಹಿಂದಕ್ಕೆ ತರಲಾರದಂತೆ, ಮೂರು ಸಲ. ಒರೆಸುತ್ತಾ ಅಕ್ಕನ ಹತ್ತಿರ ಎರಡು ಸಲ ಟೀ ಮಾಡಿಸಿಕೊಂಡು ಕುಡಿದೆ.

ವಕೀಲೆ ನನ್ನ ಕಡೆ ತಿರುಗಿದರು. "ಏನಾಯ್ತು?"

ಈಗ ಹೇಳುವುದು ಕಷ್ಟದ ಭಾಗ.

"ಹೊಡೆದಾಟದಲ್ಲಿ ಏಟು ಬಿದ್ದಿರಬೇಕು," ಎಂದೆ. "ಡಿಸ್ಕು ಕೆಟ್ಟಿದೆ."

ಎಷ್ಟು ಸಲೀಸಾಗಿ ಬಂತು ಗೊತ್ತೇ ಆ ಸುಳ್ಳು? ಬೆರಳು ಮುರಿದಾಗಲೂ ಬಾಯಿ ಬಿಡದವನು ನಾನು.

ಅಕ್ಕ ತನ್ನ ಸೆರಗಿನ ತುದಿಯಿಂದ ನನ್ನ ಗಲ್ಲದ ರಕ್ತ ಒರೆಸಿದಳು. "ಹೋಗ್ಲಿ ಬಿಡು. ಜೀವ ಉಳಿಸ್ಕೊಂಡು ಬಂದ್ಯಲ್ಲ, ಅಷ್ಟೇ ಸಾಕು ಕಣೋ."

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ವಕೀಲೆ ಅಷ್ಟರಲ್ಲಿ ಲೆಕ್ಕ ಹಾಕಿದ್ದರು. "ಸಾಕ್ಷ್ಯ ನಾಶ. ಡಿಸ್ಕನ್ನು ಅವರೇ ಹಾಳುಮಾಡಿದ್ರು ಅಂತ ನೀವು ಪ್ರಮಾಣ ಮಾಡಿ ಹೇಳಿ. ಇನ್ನಷ್ಟು ಗಟ್ಟಿಯಾಗುತ್ತೆ ಕೇಸು."

ಗಟ್ಟಿಯೇ. ಡಿಸ್ಕನ್ನು ಯಾರಾದರೂ ತಜ್ಞ ನೋಡುವ ತನಕ. ಆಮೇಲೆ ಅಕ್ಕನೂ ಸುಳ್ಳುಗಾತಿ ಅನ್ನಿಸಿಕೊಳ್ಳುತ್ತಾಳೆ.

ಹನ್ನೊಂದು ಗಂಟೆ. ಉದ್ದನೆಯ ಕೋಣೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ವಿಚಾರಣಾಧಿಕಾರಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ, ಕಾರ್ಖಾನೆಯ ಮ್ಯಾನೇಜರ ಬೆನ್ನಿಗೆ... ಮಫ್ಲರ್‌ನವನು. ಕುಂಟುತ್ತಾ ಬಂದು ಕೂತಿದ್ದ.

ಪ್ರಮಾಣ ಮಾಡಿಸಿದರು.

"ಡಿಸ್ಕು ತಂದಿದ್ದೀರಾ?"

"ತಂದಿದ್ದೇನೆ ಸಾರ್."

"ಅದರಲ್ಲಿ ಏನಿದೆ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ತಮ್ಮನ ಬಗ್ಗೆ ಹೆಮ್ಮೆಪಡುವ ಮುಖ ಅದು. ಆ ಮುಖವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದನ್ನು ಕಳೆಯಲು ಬಾಯಿ ತೆರೆದೆ.

"ಏನೂ ಇಲ್ಲ ಸಾರ್. ನಾನು ಫೈಲುಗಳನ್ನು ಕಾಪಿಯೇ ಮಾಡಿರಲಿಲ್ಲ. ಶಾರ್ಟ್‌ಕಟ್ ಮಾತ್ರ ಮಾಡಿದ್ದೆ. ಆಮೇಲೆ ಒರಿಜಿನಲ್‌ಗಳನ್ನು ನಾನೇ ಒರೆಸಿದೆ. ತೆಗೆದು ನೋಡು ಅಂತ ಅಕ್ಕ ಹೇಳಿದ್ದಳು. ನೋಡಲಿಲ್ಲ. ಈಗ ಹತ್ತು ನಿಮಿಷದ ಹಿಂದೆ, ಏಟು ಬಿದ್ದು ಕೆಟ್ಟಿದೆ ಅಂತ ಅವಳಿಗೂ ವಕೀಲರಿಗೂ ಸುಳ್ಳು ಹೇಳಿದೆ."

ಅಧಿಕಾರಿ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು.

ನಾನು ಅಕ್ಕನ ಕಡೆ ನೋಡಲಿಲ್ಲ. ಧೈರ್ಯ ಬರಲಿಲ್ಲ.

ಕಂಪನಿಯ ವಕೀಲ ನಗುತ್ತಾ ಎದ್ದ. "ಅಂದರೆ ಯಾವ ವರದಿಯೂ ಇರಲೇ ಇಲ್ಲ ಅಂತಾಯ್ತು."

ಅಧಿಕಾರಿ ನನ್ನ ಬೆರಳು ನೋಡಿದರು. "ಇದೇನು?"

"ಡಿಸ್ಕು ಕೊಡು ಅಂತ ಮುರಿದರು ಸಾರ್. ಮುರಿದವನು ಇಲ್ಲೇ ಇದ್ದಾನೆ. ಹಿಂದಿನ ಸಾಲು, ಮಫ್ಲರ್."

ಮಫ್ಲರ್‌ನವನು ಎದ್ದು ಬಾಗಿಲ ಕಡೆ ಹೊರಟ. ಕುಂಟುಗಾಲಿನಲ್ಲಿ ಎಷ್ಟು ದೂರ ಹೋದಾನು? ಪೇದೆ ತೋಳು ಹಿಡಿದ.

ಅಧಿಕಾರಿ ಕನ್ನಡಕ ಹಾಕಿಕೊಂಡು ಮ್ಯಾನೇಜರನ್ನು ನಿಧಾನವಾಗಿ ಕೇಳಿದರು. "ಇಲ್ಲದ ವರದಿಗೋಸ್ಕರ ಬೆರಳು ಯಾಕ್ರೀ ಮುರಿಸಿದ್ರಿ?"

ಅವನು ತನ್ನ ವಕೀಲನ ಕಡೆ ತಿರುಗಿದ.

ಅವತ್ತೇ ಆದೇಶ ಹೊರಟಿತು. ಲ್ಯಾಬಿನವರು ತಮ್ಮ ದಾಖಲೆ ತರಬೇಕು ಅಂತ. ತಂದರು. ಆದರೆ ಅವರ ಹತ್ತಿರ ಇದ್ದದ್ದು ಮೂರೇ ವರ್ಷದ್ದು. ಹಳೆಯದನ್ನು ಅವರು ಇಟ್ಟುಕೊಳ್ಳುವುದಿಲ್ಲವಂತೆ. ನಲವತ್ತಮೂರು ಜನರಿಗೆ ಚಿಕಿತ್ಸೆ, ಪರಿಹಾರ ಸಿಕ್ಕಿತು. ಮೊದಲೇ ಕೆಲಸ ಬಿಟ್ಟಿದ್ದ ಅರವತ್ತೊಂಬತ್ತು ಜನರ ರಕ್ತ ನನ್ನ ಕೈಯಲ್ಲಿ ಒರೆಸಿಹೋಗಿತ್ತು.

ಲ್ಯಾಬಿನ ದಾಖಲೆ ಬಂದ ದಿನ ಆ ಹಳೇ ಲೋಡರ್ ನನ್ನನ್ನು ಮೆಟ್ಟಿಲ ಮೇಲೆ ತಡೆದ.

"ನನ್ನದು ಸಿಕ್ತಾ ಸಾರ್?"

"ಇಲ್ಲ. ನಿಮ್ಮದು ಹೋಯ್ತು. ನನ್ನಿಂದ."

ಅವನು ನಡುಗುವ ಕೈಯಿಂದ ನನ್ನ ಬ್ಯಾಂಡೇಜು ಮುಟ್ಟಿದ. "ನೋವಿದೆಯಾ?" ಎಂದು ಕೇಳಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಕ್ಕ ಎರಡು ವಾರ ಮಾತು ಬಿಟ್ಟಳು. ಆಮೇಲೆ ಫೋನು ಮಾಡಿ ಅರವತ್ತೊಂಬತ್ತು ವಿಳಾಸ ಬರೆಸಿದಳು. "ಕೆಲವರಿಗೆ ನಾನು ಕದ್ದು ಚೀಟೀಲಿ ಸೀಸದ ನಂಬರ್ ಬರೆದುಕೊಟ್ಟಿದ್ದೆ. ನನ್ನ ಸಹಿ ಇರುತ್ತೆ. ಹೋಗಿ ಹುಡುಕು," ಎಂದು ಫೋನಿಟ್ಟಳು.

ಮನೆ ಮನೆ ತಿರುಗುತ್ತಿದ್ದೇನೆ. ಬಾಗಿಲಲ್ಲೇ ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲವರು ಟ್ರಂಕು ತೆರೆಯುತ್ತಾರೆ. ಇಲ್ಲಿಯವರೆಗೆ ಹದಿನೇಳು ಚೀಟಿ ಸಿಕ್ಕಿವೆ.

ಲೋಡರ್‌ನ ಹೆಂಡತಿ ಒಳಗೆ ಬಿಡಲಿಲ್ಲ.

"ಆ ಡಿಸ್ಕಿನವರು ನೀವೇನಾ?"

"ಹೌದಮ್ಮ."

"ಹೊರಗೇ ನಿಂತಿರಿ."

ನಿಂತೆ. ಮರುದಿನವೂ ಹೋಗಿ ನಿಂತೆ. ಇವತ್ತು ಮೂರನೇ ದಿನ. ಬೆಳಿಗ್ಗೆ ಆಕೆ ಒಂದು ಸ್ಟೂಲು ತಂದು ಹೊರಗಿಟ್ಟು ಹೋದಳು.

ಮಫ್ಲರ್‌ನವನಿಗೆ ಹೆದರದ ನಾನು, ಆ ಸ್ಟೂಲಿಗೆ ಹೆದರಿ ಇನ್ನೂ ನಿಂತೇ ಇದ್ದೇನೆ.