ಇಲಿಯಣ್ಣನ ಆ್ಯಂಟಿಬಾಡಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಇಲಿಯಣ್ಣ ಎನ್ನುತ್ತಿದ್ದರು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲೆ ಒಂದು ಪುಟ್ಟ ರಾಸಾಯನಿಕ ಗುರುತು ಇರುತ್ತದೆ. ಅದನ್ನೇ ಹುಡುಕಿ ಹಿಡಿಯುವ ಆ್ಯಂಟಿಬಾಡಿಯನ್ನು ಆರು ವರ್ಷ ಹೆಣಗಿ ಇಲಿಗಳಿಂದ ಪಡೆದಿದ್ದ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅದನ್ನು ಮೂಸಿಯೂ ನೋಡಲಿಲ್ಲ. "ಇಲ್ಲಿ ಎಲ್ಲರ ಕೆಲಸಾನೂ ಮೊಲದ ಆ್ಯಂಟಿಬಾಡಿಯಲ್ಲೇ ನಡೀತಿದೆ. ನಿಮ್ಮೊಬ್ಬರಿಗೋಸ್ಕರ ಬದಲಾಯಿಸೋಕಾಗುತ್ತಾ?" ಎಂದುಬಿಟ್ಟರು. ಈಗ ನಿನ್ನೆ ಮೊನ್ನೆ ಬಂದ ಹುಡುಗಿ ಮೊಲದ ಆ್ಯಂಟಿಬಾಡಿ ಹಿಡಿದು ತಜ್ಞರ ಮುಂದೆ ಫಲಿತಾಂಶ ತೋರಿಸಲಿದ್ದಳು. ಅವರು ತಲೆಯಾಡಿಸಿದರೆ ಅವನು ಕಾದು ಕುಳಿತಿದ್ದ ಕಾಯಂ ಹುದ್ದೆ ಅವಳ ಪಾಲು. ಅವನ ಹೊಟ್ಟೆ ಉರಿಯಿತು.

ಅವಳ ಟ್ಯೂಬಿಗೆ ನೀರು ತುಂಬಿಸುವುದು ದಡ್ಡರ ಕೆಲಸ. ಪ್ರೋಟೀನ್ ಅಳೆದರೆ ಬಯಲಾಗುತ್ತದೆ. ಮೊಲದ್ದೇ ಬೇರೊಂದು ಆ್ಯಂಟಿಬಾಡಿ ಹಾಕಿದರೆ ಪರದೆಯ ಮೇಲೆ ಏನಾದರೊಂದು ಬಣ್ಣದ ಪಟ್ಟಿ ಮೂಡಿ ಅನುಮಾನ ಹುಟ್ಟುತ್ತದೆ. ತನ್ನ ಇಲಿಯದೇ ಸರಿ. ಆ್ಯಂಟಿಬಾಡಿ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಅಂಟಿಕೊಂಡು ಹೊಳೆಯುವ ಇನ್ನೊಂದು ದ್ರಾವಣ ಬೇಕು. ಅವಳು ಬಳಸುವ ಕೆಂಪು ದ್ರಾವಣ ಮೊಲದ್ದಕ್ಕೆ ಮಾತ್ರ ಅಂಟುತ್ತದೆ, ಇಲಿಯದನ್ನು ಮುಟ್ಟುವುದೇ ಇಲ್ಲ. ಪರದೆ ಬೋಳಾಗಿರುತ್ತದೆ. ಹುಡುಗಿ ಜೋಪಾನ ಮಾಡದೆ ಕೆಡಿಸಿಕೊಂಡಳು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಯಾರಿಗೂ ಬೇಡವಾದದ್ದು ಕೊನೆಗೂ ಕೆಲಸಕ್ಕೆ ಬಂತಲ್ಲ ಎಂದು ಅವನಿಗೇ ನಗು ಬಂತು.

ಎಲ್ಲರೂ ಊಟಕ್ಕೆ ಹೋದಾಗ ಫ್ರಿಜ್ಜಿನಿಂದ ಅವಳ ಟ್ಯೂಬ್ ತೆಗೆದ. ಅವಳ ಮೇಜಿನ ಮೇಲೆ ಹಸಿರು ಮುಚ್ಚಳದ ಬಾಟಲಿಯೊಂದು ಅಡ್ಡವಾಗಿತ್ತು. ಅದನ್ನು ಮೊಣಕೈಯಿಂದ ಅತ್ತ ಸರಿಸಿ, ಟ್ಯೂಬಿನಲ್ಲಿದ್ದದ್ದನ್ನು ಚೆಲ್ಲಿ ತನ್ನದನ್ನು ತುಂಬಿ ಕೆಲಸ ಮುಗಿಸಿದ. ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಸಭಾಂಗಣದಲ್ಲಿ ಹುಡುಗಿ ಕರೆದಳು: "ಅಣ್ಣಾ, ಮುಂದೆ ಬಂದು ಕೂತ್ಕೊಳ್ಳಿ."

"ಇಲ್ಲೇ ಚೆನ್ನಾಗಿದೆ ಬಿಡಮ್ಮ" ಎಂದು ಮೂರನೇ ಸಾಲಿನಲ್ಲಿ ಆರಾಮಾಗಿ ಕಾಲು ಚಾಚಿದ.

"ಪ್ರೋಟೀನ್ ಅಂಟಿಸಿದ ಹಾಳೆಯ ಎಡಭಾಗಕ್ಕೆ ಹಾಕಿರೋದು ನನ್ನ ಮೊಲದ್ದು, ಅದು ಕೆಂಪಗೆ ಕಾಣುತ್ತೆ" ಎಂದು ಅವಳು ತಜ್ಞರಿಗೆ ವಿವರಿಸಿದಳು. "ಬಲಭಾಗದಲ್ಲಿರೋದು ಅಣ್ಣನ ಇಲಿಯದ್ದು. ಅವರ ಕೆಲಸಾನ ಯಾರೂ ನೋಡೇ ಇಲ್ಲ ಅಂತ ಮೇಡಂ ಹತ್ರ ಹಟ ಮಾಡಿ ಸೇರಿಸ್ಕೊಂಡೆ. ಅವರ ಆ್ಯಂಟಿಬಾಡಿ ಪೆಟ್ಟಿಗೆ ತೆಗೆದು ಆ ಭಾಗಕ್ಕೆ ಹಾಕಿದ್ದೂ ಮೇಡಮ್ಮೇ. ಇಲಿಯದನ್ನ ಹಸಿರಾಗಿ ತೋರಿಸೋ ದ್ರಾವಣ ಹೊಸದಾಗಿ ತರಿಸಿದೀನಿ, ಆ ಹಸಿರು ಮುಚ್ಚಳದ ಬಾಟಲಿ. ಕೆಂಪು, ಹಸಿರು ಎರಡನ್ನೂ ಬೆರೆಸಿ ಇಡೀ ಹಾಳೆಗೆ ಹಾಕಿದೀನಿ, ಬಣ್ಣ ನಾನೂ ಈಗಲೇ ಮೊದಲ ಸಲ ನೋಡ್ತಿರೋದು." ಪರದೆ ಬೆಳಗಿತು. ಬಲಭಾಗ ಹಸಿರು. ಎಡಭಾಗವೂ ಹಸಿರು. "ಇಷ್ಟು ಸ್ವಚ್ಛವಾದ ಪಟ್ಟಿ ನಾನು ನೋಡೇ ಇರ್ಲಿಲ್ಲ" ಎಂದು ತಜ್ಞರೊಬ್ಬರು ಮೆಚ್ಚಿಕೊಂಡರು. ಮೇಡಂ ಮಾತ್ರ ಎಡಭಾಗವನ್ನೇ ದಿಟ್ಟಿಸಿ ನೋಡಿ, ಇಡೀ ಪ್ರಯೋಗಾಲಯದಲ್ಲಿ ಇಲಿಯ ಆ್ಯಂಟಿಬಾಡಿ ಇಟ್ಟುಕೊಂಡಿದ್ದ ಒಬ್ಬನೇ ಒಬ್ಬನತ್ತ ತಿರುಗಿದರು.