ಹನ್ನೊಂದು ಊಟದ ಬಾಕಿ

೧೯೭೬ನೆಯ ಇಸವಿ ಜುಲೈ ಐದನೆಯ ತಾರೀಕು, ಸೋಮವಾರ ಮಧ್ಯಾಹ್ನ, ತರೀಕೆರೆ ರೈಲು ನಿಲ್ದಾಣದ ಎದುರಿಗಿದ್ದ ಕಾಶಮ್ಮನ ಮೆಸ್ಸಿನಲ್ಲಿ ನಾನು ಐದು ರಾಗಿಮುದ್ದೆ ಉಂಡೆ. ಎಡಕ್ಕೆ ಕುಳಿತವರು ಎರಡು ಉಂಡಿದ್ದರು. ಬಲಕ್ಕೆ ಕುಳಿತ ಜವರಯ್ಯ, ದಿನವಿಡೀ ರೈಲು ಹಳಿಯ ಮೇಲೆ ಸುತ್ತಿಗೆ ಬೀಸುವ ಆಳು, ಮೂರು ಉಂಡಿದ್ದ.

ಬಡಿಸುತ್ತಿದ್ದವಳು ಕಾಶಮ್ಮನ ಮಗಳು ಗುರುಶಾಂತಮ್ಮ. ಮೂರನೆಯ ಮುದ್ದೆಯ ತನಕ ಅವಳು ನನ್ನ ಎಲೆಯನ್ನು ನೋಡಿದಳು. ನಾಲ್ಕನೆಯದಕ್ಕೆ ನನ್ನ ಮುಖವನ್ನು ನೋಡಿದಳು. ಐದನೆಯದನ್ನು ಎಲೆಗೆ ಇಳಿಸುವಾಗ ಅವಳ ತುಟಿ ಬಿಗಿಯಾಗಿ ಮುಚ್ಚಿತ್ತು. ನಗು ಮಾತ್ರ ಕಣ್ಣಿನ ಕೊನೆಯಿಂದ ಸೋರುತ್ತಿತ್ತು.

"ಇನ್ನೊಂದು ಹಾಕ್ಲಾ?"

"ಸಾಕು."

"ಸಂಕೋಚ ಬೇಡ ಕಣ್ರೀ. ಒಲೆ ಇನ್ನೂ ಆರಿಲ್ಲ."

ಜವರಯ್ಯ ಎದ್ದು ಕೈ ತೊಳೆಯುತ್ತ, "ಬಿಡವ್ವಾ, ಶಿವಮೊಗ್ಗ ಗಾಡಿಗೆ ಇದ್ದಲು ತುಂಬೋದು ಇದಕ್ಕಿಂತ ಬೇಗ ಮುಗೀತದೆ" ಎಂದ. ಹತ್ತು ಜನ ನಕ್ಕರು. ಅವಳು ನಗದೆ ಸಾರಿನ ಪಾತ್ರೆ ಹಿಡಿದು ಒಳಗೆ ಹೋದಳು. ಒಳಗೆ ಹೋದ ಮೇಲೆ ನಕ್ಕಳು, ಗೋಡೆ ತೆಳುವಾಗಿತ್ತು.

ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಪಂಚನಹಳ್ಳಿಯಿಂದ ನಮ್ಮ ತಂದೆ ತಿಂಗಳಿಗೆ ಎಪ್ಪತ್ತೈದು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದರು. ಕೊಠಡಿಯ ಬಾಡಿಗೆ ಹದಿನಾರು. ಪುಸ್ತಕ, ಕಾಗದಕ್ಕೆ ಒಂಬತ್ತು. ಸೋಪು, ಎಣ್ಣೆಗೆ ಮೂರೂವರೆ. ಸೀಮೆಎಣ್ಣೆಗೆ ಎರಡೂವರೆ. ಅಂಚೆಗೆ ಐವತ್ತು ಪೈಸೆ. ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಬಸ್ಸಿಗೆ ನಾಲ್ಕೂವರೆ. ಉಳಿಯುತ್ತಿದ್ದುದು ಮೂವತ್ತೊಂಬತ್ತು ರೂಪಾಯಿ. ಮೆಸ್ಸಿನ ಒಂದು ಊಟಕ್ಕೆ ಒಂದು ರೂಪಾಯಿ ಮೂವತ್ತು ಪೈಸೆ; ಅಂದರೆ ಮೂವತ್ತು ಊಟ, ದಿನಕ್ಕೆ ಒಂದು. ದಿನಕ್ಕೆ ಒಂದೇ ಊಟ ಮಾಡುವವನು ಆ ಒಂದರಲ್ಲಿ ಎರಡನ್ನು ಉಣ್ಣಲೇಬೇಕು. ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿಗೆ ಇಷ್ಟು ತಿಳಿಯದಿದ್ದರೆ ಅವನು ಗಣಿತ ಓದಿ ಪ್ರಯೋಜನವಿಲ್ಲ.

ಹತ್ತು ದಿನ ಕಳೆದ ಮೇಲೆ ಅವಳು ಮಜ್ಜಿಗೆ ಹಾಕುತ್ತ ಕೇಳಿದಳು: "ರಾತ್ರಿ ಊಟ ಎಲ್ಲಿ?"

"ಸಂಬಂಧಿಕರ ಮನೆಯಲ್ಲಿ."

"ಯಾವ ಬೀದಿ?"

"ಕೋಟೆ ಬೀದಿ."

"ಯಾರ ಮನೆ?"

"ಮಲ್ಲಿಕಾರ್ಜುನಪ್ಪನವರ ಮನೆ."

"ಯಾವ ಮಲ್ಲಿಕಾರ್ಜುನಪ್ಪ? ಕೋಟೆ ಬೀದೀಲಿ ಇರೋನು ಒಬ್ನೇ. ಅವನೂ ರಾತ್ರಿ ಊಟಕ್ಕೆ ಇಲ್ಲಿಗೇ ಬತ್ತಾನೆ."

ನಾನು ಮಜ್ಜಿಗೆಯನ್ನು ನೋಡುತ್ತ ಕುಳಿತೆ. ಅವಳು ಇನ್ನೊಂದು ಲೋಟ ಸುರಿದಳು. ಮತ್ತೆ ಏನೂ ಕೇಳಲಿಲ್ಲ. ಆದರೆ ಅಂದಿನಿಂದ ನನ್ನ ಎಲೆಗೆ ಬೀಳುವ ಮುದ್ದೆ, ಉಳಿದವರ ಮುದ್ದೆಗಿಂತ ಅಂಗುಲದ ಎಂಟನೇ ಒಂದು ಭಾಗ ಅಗಲವಾಗಿತ್ತು. ಅಳೆದು ನೋಡಿದ್ದೆ.

ಜುಲೈ ತಿಂಗಳ ಕೊನೆಯಲ್ಲಿ ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ರಾಗಿಯ ಪೇಟೆ ಧಾರಣೆ ಹಿಡಿದು ಲೆಕ್ಕ ಹಾಕಿದರೆ ಒಂದು ಮುದ್ದೆಗೆ ಇಪ್ಪತ್ತು ಪೈಸೆ, ಐದಕ್ಕೆ ಒಂದು ರೂಪಾಯಿ. ಸಾರು, ಮಜ್ಜಿಗೆ, ಸೌದೆ, ಮುತ್ತುಗದ ಎಲೆ ಸೇರಿ ನಲವತ್ತೈದು ಪೈಸೆ. ನಾನು ಕೊಡುತ್ತಿದ್ದುದಕ್ಕಿಂತ ಖರ್ಚು ಹದಿನೈದು ಪೈಸೆ ಹೆಚ್ಚು. ಇಪ್ಪತ್ತೇಳು ಊಟಕ್ಕೆ ನಾಲ್ಕು ರೂಪಾಯಿ ಐದು ಪೈಸೆ. ಒಬ್ಬ ವಿಧವೆಗೆ ಅಷ್ಟು ನಷ್ಟ ಮಾಡಿ ನಿದ್ದೆ ಮಾಡುವುದು ನನ್ನಿಂದಾಗಲಿಲ್ಲ. ಊರಿಗೆ ಹೋಗುವ ಬಸ್ಸಿನ ಹಣವನ್ನು ಮುರಿದು, ಮೂವತ್ತೊಂದನೆಯ ತಾರೀಕು ಊಟ ಮುಗಿದೊಡನೆ ಆ ಮೊತ್ತವನ್ನು ಎಲೆಯ ಪಕ್ಕದಲ್ಲಿಟ್ಟೆ.

"ಇದೇನಪ್ಪಾ?" ಕಾಶಮ್ಮ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು.

"ಹೆಚ್ಚಿಗೆ ಉಂಡ ಮುದ್ದೆಗಳ ಬಾಬ್ತು, ಅಮ್ಮಾ. ಲೆಕ್ಕ ಹಾಕಿದೀನಿ."

ಸಾಲಿನಲ್ಲಿ ಕುಳಿತವರ ಕೈಗಳು ಎಲೆಯ ಮೇಲೆಯೇ ನಿಂತವು. ಕಾಶಮ್ಮ ಹೊರಗೆ ಬಂದಳು. ಮುದ್ದೆ ತೊಳಸುವ ಕೋಲು ಕೈಯಲ್ಲೇ ಇತ್ತು.

"ನಾನೇನು ಮುದ್ದೆ ಮಾರೋಳೇನೋ? ಊಟ ಹಾಕೋಳು ನಾನು. ಹನ್ನೆರಡು ವರ್ಷದಿಂದ ಹಾಕ್ತಿದೀನಿ. ಉಂಡೋರ ತುತ್ತು ಎಣಿಸಿದ್ರೆ ನನ್ನ ಕೈಗೆ ಹುಳ ಬೀಳ್ತದೆ. ನೀನು ಬಂದು ನನ್ನ ಅಡುಗೆಮನೇಲಿ ತಕ್ಕಡಿ ಇಟ್ಯಾ? ಎತ್ಕೋ ನಿನ್ನ ಚಿಲ್ರೆ! ನಾಳೆಯಿಂದ ಈ ಹೊಸಲು ತುಳೀಬೇಡ."

ನಾನು ಚಿಲ್ಲರೆ ಎತ್ತಿಕೊಂಡೆ. ಐದು ಪೈಸೆಯ ನಾಣ್ಯ ಉರುಳಿ ಗುರುಶಾಂತಮ್ಮನ ಕಾಲಿನ ಬಳಿ ನಿಂತಿತು. ಅವಳು ಅದನ್ನು ಬಗ್ಗಿ ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಅವಳ ಬೆರಳುಗಳು ಮುದ್ದೆ ಹಿಡಿದ ಬಿಸಿಯಲ್ಲಿ ಇನ್ನೂ ಕೆಂಪಾಗಿದ್ದವು. ಆ ಕ್ಷಣದಲ್ಲಿ ನನಗೆ ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಅದರ ಜೊತೆಗೆ ಬೇರೊಂದೂ ಆಯಿತು. ಅದಕ್ಕೆ ಆಗ ಹೆಸರಿಡಲಿಲ್ಲ.

ಊರಿನ ಉಳಿದ ಮೆಸ್ಸುಗಳಲ್ಲಿ ಊಟಕ್ಕೆ ಒಂದು ಮುಕ್ಕಾಲು ರೂಪಾಯಿ. ನನ್ನ ಮೂವತ್ತೊಂಬತ್ತು ಅಲ್ಲಿ ಇಪ್ಪತ್ತೆರಡು ದಿನಕ್ಕೆ ಮುಗಿಯುತ್ತಿತ್ತು. ಎಂಟು ದಿನ ಅವಲಕ್ಕಿ, ಬೆಲ್ಲದಲ್ಲಿ ಕಳೆದೆ. ಹೀಗೇ ಸಾಗಿದರೆ ಓದು ಬಿಟ್ಟು ಪಂಚನಹಳ್ಳಿಗೆ ಹೋಗುವುದೊಂದೇ ಉಳಿದಿತ್ತು.

ಎಂಟನೆಯ ದಿನ ಭಾನುವಾರ. ರೈಲು ನಿಲ್ದಾಣದ ಕಲ್ಲುಬೆಂಚಿಗೆ ಬಾಡಿಗೆ ಇಲ್ಲವಾದ್ದರಿಂದ ಅಲ್ಲಿ ಕುಳಿತು ಓದುತ್ತಿದ್ದೆ. ಜವರಯ್ಯನಿಗೆ ಊಟ ಕೊಡಲು ಬಂದ ಗುರುಶಾಂತಮ್ಮ ಹಿಂತಿರುಗುವಾಗ ನನ್ನೆದುರು ನಿಂತಳು.

"ಬದುಕಿದೀರಾ?"

"ಇದೀನಿ."

"ಎಷ್ಟು ಪೈಸೆ ಬದುಕಿದೀರಾ?"

ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಪಾತ್ರೆಯನ್ನು ನಡುವೆ ಇಟ್ಟು ಕುಳಿತಳು.

"ಅವ್ವ ದಿನಾ ನಿಮ್ಮನ್ನ ಬೈತಾಳೆ. ಬೈತಾ ಬೈತಾ ಐದು ಮುದ್ದೆ ಜಾಸ್ತೀನೇ ಕಟ್ತಾಳೆ. ಬಾಯಿಗೆ ಸಿಟ್ಟು ಬಂದೈತೆ, ಕೈಗೆ ಬಂದಿಲ್ಲ."

"ಆ ಮುದ್ದೆ ಏನಾಗುತ್ತೆ?"

"ನೋಡಿ, ಮತ್ತೆ ಲೆಕ್ಕ!" ಎಂದು ನಕ್ಕಳು. ಆಮೇಲೆ ಸ್ವರ ತಗ್ಗಿಸಿದಳು. "ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲಾಗಿದೀನಿ. ಮೊದಲ್ನೇ ಸಲ ಇಪ್ಪತ್ತೆಂಟು. ಎರಡ್ನೇ ಸಲ ಇಪ್ಪತ್ತಾರು."

"ಕಡಿಮೆಯಾಗಿದೆಯಲ್ಲ?"

"ಅದಕ್ಕೇ ಮೇಷ್ಟ್ರು ಬೇಕಾಗಿರೋದು. ಪಾಸಾದ್ರೆ ಕಡೂರಲ್ಲಿ ಟಿ.ಸಿ.ಎಚ್. ಓದಿ ನಾನೂ ಮೇಡಮ್ಮು ಆಗ್ತೀನಿ. ಆಗದಿದ್ರೆ ಸಾಯೋವರ್ಗೂ ಈ ಸಾರಿನ ಸೌಟು. ಮಧ್ಯಾಹ್ನದ ಊಟ ಮೊದ್ಲಿನಂಗೇ ಕಾಸಿಗೆ. ಒಂದು ಪಾಠಕ್ಕೆ ಒಂದು ರಾತ್ರಿ ಊಟ. ಒಪ್ಕೊಳ್ಳಿ."

"ನಿಮ್ಮ ಅವ್ವನಿಗೆ ಇನ್ನೂ ನಷ್ಟ ಆಗುತ್ತೆ."

"ನೀವು ಬಿ.ಎಸ್ಸಿ. ಓದಿ ಏನು ಬಂತು? ಎರಡು ಹೊತ್ತು ಉಣ್ಣೋನು ಹೊತ್ತಿಗೆ ಎರಡೇ ಮುದ್ದೆ ಉಣ್ತಾನೆ. ಎರಡೂ ಎರಡೂ ನಾಲ್ಕು. ಈಗ ಐದು ಹೋಗ್ತೈತೆ. ದಿನಕ್ಕೊಂದು ಮುದ್ದೆ ಲಾಭ ನಮ್ಗೇ!"

ನಾನು ಪುಸ್ತಕ ಮುಚ್ಚಿದೆ. ಇಪ್ಪತ್ತಾರು ಅಂಕದವಳು ನನ್ನ ಲೆಕ್ಕದಲ್ಲಿ ನಾನೇ ಕಾಣದ ಉತ್ತರವನ್ನು ಕಂಡಿದ್ದಳು.

ಕಾಶಮ್ಮನ ಷರತ್ತು ಒಂದೇ. "ಪಾಠ ನನ್ನ ಕಣ್ಣೆದುರಿಗೆ ಆಗ್ಬೇಕು. ಮತ್ತೆ ನನ್ನ ಎಲೆ ಪಕ್ಕ ಕಾಸು ಇಟ್ರೆ ಕೋಲು ಮುರೀತೀನಿ." ಒಂಬತ್ತನೆಯ ತಾರೀಕು ಸೋಮವಾರದಿಂದ ಪ್ರತಿದಿನ ನಾಲ್ಕು ಗಂಟೆಗೆ ಖಾಲಿ ಊಟದ ಪಡಸಾಲೆಯಲ್ಲಿ ಪಾಠ ನಡೆಯಿತು. ಕಾಶಮ್ಮ ಮೂರು ಮಾರು ದೂರದಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂರುತ್ತಿದ್ದಳು.

ಮೊದಲ ದಿನ ಕಾಲ ಮತ್ತು ಕೆಲಸದ ಲೆಕ್ಕ ಕೊಟ್ಟೆ. ಒಂದು ಕೆಲಸವನ್ನು ಎ ಹತ್ತು ದಿನದಲ್ಲಿ, ಬಿ ಹದಿನೈದು ದಿನದಲ್ಲಿ ಮಾಡಿದರೆ, ಇಬ್ಬರೂ ಸೇರಿ ಎಷ್ಟು ದಿನದಲ್ಲಿ ಮಾಡುವರು?

"ಇವರಿಬ್ಬರಿಗೂ ಪರಿಚಯ ಐತಾ?"

"ಪರಿಚಯ ಅನಾವಶ್ಯಕ."

"ಪರಿಚಯ ಇಲ್ದೆ ಹೆಂಗೆ ಸೇರಿ ಕೆಲ್ಸ ಮಾಡ್ತಾರೆ ಮೇಷ್ಟ್ರೇ?"

ಬೆಳ್ಳುಳ್ಳಿಯ ಕಡೆಯಿಂದ ಕೆಮ್ಮು ಕೇಳಿಸಿತು. ನಾನು ಗಂಭೀರವಾಗಿ ಹೇಳಿದೆ: "ಎ ಅಂದರೆ ನಿಮ್ಮ ಅವ್ವ. ಬಿ ಅಂದರೆ ನೀವು. ಕೆಲಸ, ಒಂದು ಗಾಡಿ ರಾಗಿ ಹಸನು ಮಾಡುವುದು."

"ಆರು ದಿನ," ಎಂದಳು, ಪೆನ್ಸಿಲ್ ಮುಟ್ಟದೆ. "ಗಾಡೀಲಿ ಮೂವತ್ತು ಚೀಲ ಅಂತಿಟ್ಕೊಳ್ಳಿ. ಅವ್ವ ದಿನಕ್ಕೆ ಮೂರು ಚೀಲ, ನಾನು ಎರಡು. ಇಷ್ಟೇನಾ? ಇದನ್ನ ಯಾಕೆ ಎ ಬಿ ಅಂತ ಕಷ್ಟ ಮಾಡ್ತಾರೆ?"

ಅವಳಿಗೆ ಗಣಿತ ಬರುತ್ತಿತ್ತು. ನಲವತ್ತು ಎಲೆಗಳಲ್ಲಿ ಯಾರಿಗೆ ಸಾರು ಬಂತು, ಯಾರಿಗೆ ಬರಲಿಲ್ಲ ಎಂಬುದನ್ನು ನಿತ್ಯವೂ ತಲೆಯಲ್ಲಿ ಹೊತ್ತವಳು. ಬರದಿದ್ದುದು ಕಾಗದದ ಮೇಲೆ ಅದನ್ನು ಹಂತಹಂತವಾಗಿ ಇಳಿಸುವುದು ಮಾತ್ರ. ಉತ್ತರ ಬರೆದೊಡನೆ ಅವಳು ಪುಸ್ತಕವನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತಪ್ಪಿದ್ದರೆ ಅಳಿಸುತ್ತಿದ್ದಳು.

"ಹೇಗೆ ತಿಳಿಯಿತು?"

"ತಪ್ಪಾದ್ರೆ ನಿಮ್ಮ ಎಡಗಡೆ ಹುಬ್ಬು ಮೇಲಕ್ಕೆ ಹೋಗ್ತೈತೆ."

ಮರುದಿನದಿಂದ ನಾನು ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಎರಡು ದಿನ ಸಹಿಸಿಕೊಂಡಳು. ಮೂರನೆಯ ದಿನ, "ಗೋಡೆಗೆ ಪಾಠ ಹೇಳೋದಾದ್ರೆ ಊಟಾನೂ ಗೋಡೆನೇ ಹಾಕ್ಲಿ" ಎಂದಳು. ತಿರುಗಿ ಕುಳಿತೆ. ಪೆನ್ಸಿಲನ್ನು ಅವಳು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು; ಆಮೇಲೆ ಅದನ್ನೇ ಹುಡುಕುತ್ತಿದ್ದಳು. ಎಲ್ಲಿದೆಯೆಂದು ನಾನು ಹೇಳುತ್ತಿರಲಿಲ್ಲ. ಅವಳು ಹುಡುಕುವಷ್ಟು ಹೊತ್ತು ಅವಳನ್ನು ನೋಡುವುದಕ್ಕೆ ಬೇರೆ ನೆಪ ಬೇಕಾಗಿರಲಿಲ್ಲ.

ಇಷ್ಟರಲ್ಲಿ ನನ್ನ ಮುಂದೆ ಇನ್ನೊಂದು ಲೆಕ್ಕ ಬಂದು ನಿಂತಿತ್ತು. ಅವಳು ಪಾಸಾದರೆ ಕಡೂರಿಗೆ ಹೋಗುವಳು. ಫೇಲಾದರೆ ನಾಲ್ಕು ಗಂಟೆಗೆ ಇಲ್ಲೇ, ಈ ಪಡಸಾಲೆಯಲ್ಲೇ ಇರುವಳು. ನಾನು ಚೆನ್ನಾಗಿ ಕಲಿಸಿದಷ್ಟೂ ಅವಳು ದೂರವಾಗುತ್ತಿದ್ದಳು.

ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಲಂಬಕೋನ ತ್ರಿಭುಜದ ಪ್ರಮೇಯ ಬರೆಸುತ್ತಿದ್ದೆ. ಐದು ಸಲ ತಪ್ಪಿದಳು. ಬೆಳಗಿನಿಂದ ಒಲೆಯ ಮುಂದೆ ನಿಂತವಳು, ಕಣ್ಣು ಕೆಂಪಾಗಿತ್ತು.

"ಇದು ಪರೀಕ್ಷೆಗೆ ಬರಲ್ಲ ಬಿಡಿ. ಅಲ್ವಾ?"

'ಬರಲಿಕ್ಕಿಲ್ಲ' ಎಂಬ ಒಂದು ಮಾತು ಸಾಕಾಗಿತ್ತು. ಅವಳು ನಂಬುತ್ತಿದ್ದಳು. ಪ್ರಮೇಯಕ್ಕೆ ಎಷ್ಟು ಅಂಕ ಎಂಬುದು ನನಗೆ ಗೊತ್ತಿತ್ತು.

"ಬರುತ್ತದೆ," ಎಂದೆ. "ಮತ್ತೆ ಬರೆಯಿರಿ."

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಹುಬ್ಬನ್ನಲ್ಲ, ಕಣ್ಣನ್ನು. ಆಮೇಲೆ ಹೊಸ ಹಾಳೆ ತಿರುವಿ ಆರನೆಯ ಸಲ ಬರೆದಳು. ಸರಿಯಾಗಿತ್ತು.

ಪರೀಕ್ಷೆಯಲ್ಲಿ ಅದೇ ಪ್ರಮೇಯ ಬಂತು. ೧೯೭೭ರ ಫಲಿತಾಂಶದಲ್ಲಿ ಅವಳ ಗಣಿತದ ಅಂಕ ಅರವತ್ತೊಂದು. ಕಾಶಮ್ಮ ಅಂದು ಉಂಡವರಾರಿಂದಲೂ ಹಣ ತೆಗೆದುಕೊಳ್ಳಲಿಲ್ಲ. ಜವರಯ್ಯ ಐದು ಮುದ್ದೆ ಉಂಡು, "ಈಗ ತಿಳೀತು ಮೇಷ್ಟ್ರ ಕಷ್ಟ" ಎಂದು ಕಂಬಕ್ಕೆ ಒರಗಿದ.

ಅವಳು ಕಡೂರಿಗೆ ಹೊರಡುವ ಮುನ್ನಾದಿನ ನಾಲ್ಕು ಗಂಟೆಗೆ ನಾನು ಅಭ್ಯಾಸಬಲದಿಂದ ಮೆಸ್ಸಿಗೆ ಹೋದೆ. ಅವಳು ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟಳು. ಹಂತಹಂತವಾಗಿ, ನಾನು ಕಲಿಸಿದ ಕ್ರಮದಲ್ಲೇ ಬರೆದ ಲೆಕ್ಕ.

"ನೋಡಿ ಹೇಳಿ, ಸರಿ ಐತಾ? ನೀವು ಉಂಡ ರಾತ್ರಿ ಊಟ ಇನ್ನೂರ ಹನ್ನೊಂದು. ಹೇಳಿದ ಪಾಠ ಇನ್ನೂರು. ನಿಮ್ಮ ಕಾಲೇಜಿನ ಟೆಸ್ಟ್ ಇದ್ದಾಗ ಪಾಠಕ್ಕೆ ಬರ್ಲಿಲ್ಲ, ಊಟಕ್ಕೆ ಬಂದ್ಬಿಟ್ರಿ. ಹನ್ನೊಂದು ಊಟ ಬಾಕಿ."

ಲೆಕ್ಕ ಸರಿಯಾಗಿತ್ತು. "ಒಂದು ಮೂವತ್ತರಂತೆ ಹದಿನಾಲ್ಕು ರೂಪಾಯಿ ಮೂವತ್ತು ಪೈಸೆ. ಮೂರು ಕಂತಿನಲ್ಲಿ ಕೊಡ್ತೀನಿ," ಎಂದೆ.

"ಕಾಸು ಮುಟ್ಟಿದ್ರೆ ಅವ್ವ ಕೋಲು ಮುರೀತಾಳೆ."

"ಮತ್ತೆ ಹೇಗೆ ತೀರಿಸಲಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಊಟದ ಬಾಕಿ ಊಟದಲ್ಲೇ ತೀರ್ಬೇಕು. ನೀವೇ ಮುದ್ದೆ ಕಟ್ಟಿ ನಂಗೆ ಬಡಿಸ್ಬೇಕು. ಹನ್ನೊಂದು ಸಲ."

"ನನಗೆ ಅಡುಗೆ ಬರುವುದಿಲ್ಲ."

"ನಂಗೆ ಗಣಿತ ಬರ್ತಿತ್ತಾ? ಎರಡು ವರ್ಷ ಟೈಮ್ ಐತೆ. ಕಲೀರಿ."

"ಎಲ್ಲಿ ಬಡಿಸಬೇಕು?"

"ನಿಮ್ಮ ಮನೇಲಿ." ಇಷ್ಟು ಹೇಳಿ ಅವಳು ನೆಲ ನೋಡಿದಳು. ಕಿವಿಯ ಅಂಚು ಕೆಂಪಾಗಿತ್ತು.

ನನಗೆ ಅರ್ಥವಾಗಲು ಹಿಡಿದ ಸಮಯ ಹೆಚ್ಚೆಂದರೆ ನಾಲ್ಕು ಸೆಕೆಂಡು. ಉತ್ತರ ಹೇಳಲು ಅದಕ್ಕಿಂತ ಹೆಚ್ಚು ಹಿಡಿಯಿತು. ಕೊನೆಗೆ, "ಒಪ್ಪಿದೆ" ಎಂದೆ. ಅವಳು ಥಟ್ಟನೆ ತಲೆ ಎತ್ತಿ ನನ್ನ ಎಡಹುಬ್ಬನ್ನು ನೋಡಿದಳು. ಅದು ಅಲ್ಲಾಡಿರಲಿಲ್ಲ.

ಮರುದಿನ ಅವಳನ್ನು ರೈಲು ಹತ್ತಿಸಿ ಬಂದ ಕಾಶಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ಮೂರು ಮಾರು ದೂರದಿಂದ ಅವಳು ಎಲ್ಲವನ್ನೂ ಕೇಳಿದ್ದಳು. "ಸಾಲ ತೀರ್ಸೋನು ಮೊದ್ಲು ಎಸರು ಇಡೋದು ಕಲ್ತ್ಕೋ. ಹಿಡಿ ಕೋಲು" ಎಂದಳು. ಆ ದಿನ ನಾನು ತೊಳಸಿದ ಹಿಟ್ಟಿನಲ್ಲಿ ಹದಿನೇಳು ಗಂಟುಗಳಿದ್ದವು.

ನನಗೆ ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತದ ಕೆಲಸ ಸಿಕ್ಕಿತು. ಅವಳಿಗೆ ಅಲ್ಲೇ ಪ್ರಾಥಮಿಕ ಶಾಲೆ. ೧೯೮೧ರ ಮೇ ತಿಂಗಳಲ್ಲಿ ಮದುವೆ. ಮೂರನೆಯ ದಿನ ಬೆಳಿಗ್ಗೆ ಬೇಗ ಎದ್ದು ಮುದ್ದೆ ಕಟ್ಟಿ, ಎಲೆ ಹಾಕಿ, ಅವಳನ್ನು ಕೂರಿಸಿ ಬಡಿಸಿದೆ. ಮುರಿದು ನೋಡಿದಳು. ಬೆರಳಿನಲ್ಲಿ ಒಂದು ಗಂಟನ್ನು ಹಿಡಿದು ನನಗೆ ತೋರಿಸಿದಳು.

"ಗಂಟಿರೋ ಮುದ್ದೆ ಲೆಕ್ಕಕ್ಕಿಲ್ಲ ಕಣ್ರೀ."

"ಈ ಷರತ್ತು ಮೊದಲು ಇರಲಿಲ್ಲ."

"ಈಗ ಐತೆ," ಎಂದಳು. ಗಂಟು ಸಮೇತ ಪೂರ್ತಿ ಉಂಡಳು, ಇನ್ನೊಂದು ಹಾಕಿಸಿಕೊಂಡಳು.

ಅಂದಿನಿಂದ ಪ್ರತಿ ಭಾನುವಾರ ಮುದ್ದೆ ನನ್ನದು. ಅವಳು ಮುರಿದು ನೋಡುತ್ತಾಳೆ, ತೀರ್ಪು ಹೇಳುತ್ತಾಳೆ, ಉಣ್ಣುತ್ತಾಳೆ. ಮೊದಲ ಮೂರು ವರ್ಷಗಳಲ್ಲಿ ಏಳು ಊಟ ಒಪ್ಪಿಗೆಯಾದವು. ಆಮೇಲೆ ಪ್ರತಿ ಸಲವೂ ಒಂದು ಗಂಟು ಸಿಗುತ್ತದೆ, ಒಂದೂ ಒಪ್ಪಿಗೆಯಾಗಿಲ್ಲ. ನಾಲ್ಕು ಬಾಕಿ ಇವೆ. ಗಂಟಿಲ್ಲದ ಮುದ್ದೆ ಕಟ್ಟುವುದು ನನಗೆ ೧೯೮೪ರಿಂದಲೇ ಚೆನ್ನಾಗಿ ಬರುತ್ತದೆ.