ಕೋಣನಕುಂಟೆಯ ಒರಳುಕಲ್ಲು

ಕಂಟ್ರ್ಯಾಕ್ಟರ್ ಎಂಬ ಪದ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ನಮ್ಮ ಜಯನಗರದ ಮನೆಯ ಬಚ್ಚಲನ್ನು ಹೊಸದು ಮಾಡಿಕೊಟ್ಟ ಮಹಾನುಭಾವ ನೆಲದ ಇಳಿಜಾರನ್ನು ಮೋರಿಯ ಕಡೆ ಕೊಡುವ ಬದಲು ಬಾಗಿಲ ಕಡೆ ಕೊಟ್ಟು ಹೋಗಿ ಎರಡು ವರ್ಷವಾಗಿತ್ತು. ಯಾರು ಸ್ನಾನ ಮಾಡಿದರೂ ನೀರು ಹಾಲ್‌ವರೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಿತ್ತು. ಹಾಗಾಗಿ ಆ ಬುಧವಾರ ಬೆಳಿಗ್ಗೆ ಕೋಣನಕುಂಟೆಯ ಗೌರಮ್ಮನವರು ಆಟೋ ಇಳಿದು ಬಂದು "ಕಂಟ್ರ್ಯಾಕ್ಟ್ರು..." ಎಂದು ಬಾಯಿ ತೆರೆದ ಕೂಡಲೇ ನಾನು ಅವರ ಪಕ್ಷ ಸೇರಿಬಿಟ್ಟೆ.

ಅವರು ಬಂದದ್ದು ನನ್ನನ್ನು ನೋಡಲು ಅಲ್ಲ, ನನ್ನ ಓರಗಿತ್ತಿ ಸತ್ಯಭಾಮಾ ಅಕ್ಕನನ್ನು. ಅಕ್ಕ ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ಲಾಕರ್ ನೋಡಿಕೊಂಡವಳು. ಯಾರು ಏನನ್ನು ಬಚ್ಚಿಡುತ್ತಿದ್ದಾರೆ ಎಂಬುದು ಅವಳಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ನಿವೃತ್ತಿಯಾದ ಮೇಲೆ ಬಳೆ ಕಳೆದವರು, ಬೀಗದ ಕೈ ಕಳೆದವರು ಎಲ್ಲರೂ ನಮ್ಮ ಮನೆಗೇ ಬರುತ್ತಿದ್ದರು. ಗೌರಮ್ಮ ಅವಳ ಹಳೆಯ ಲಾಕರ್ ಗಿರಾಕಿ.

ಗೌರಮ್ಮ ಕಾಫಿಯನ್ನೂ ಮುಟ್ಟದೆ ಎಲ್ಲವನ್ನೂ ಹೇಳಿದರು. ಭಾನುವಾರ ಅವರ ಮಗಳು ರಮ್ಯಳ ಮದುವೆ. ಅವರ ಹಳೇ ಕಾಲದ ಅಡುಗೆಮನೆ ಹಾಲ್‌ಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿತ್ತು. ಮಂಡಿನೋವಿಗೆ ಹತ್ತಿ ಇಳಿಯಲಾಗದೆ, ತಗ್ಗು ತುಂಬಿಸಿ, ಹಾಲ್ ಮಟ್ಟಕ್ಕೆ ತಂದು ಟೈಲ್ಸ್ ಹಾಕಿಸಲು ಮಯೂರ್ ಎಂಬ ಕಂಟ್ರ್ಯಾಕ್ಟರಿಗೆ ಒಪ್ಪಿಸಿದ್ದರು. ಅತ್ತೆಯ ಕಾಲದ ಒರಳುಕಲ್ಲನ್ನು ನೆಲದಿಂದ ಅಗೆದು ಅಲ್ಲೇ ಮೂಲೆಯಲ್ಲಿಟ್ಟಿದ್ದರು. ಹಿಂದಿನ ಶುಕ್ರವಾರ ಅದಕ್ಕೆ ಪೂಜೆ ಮಾಡಿ, ಮದುವೆಯ ಅರಿಶಿನ ಕುಟ್ಟುವ ಶಾಸ್ತ್ರ ಶುರುಮಾಡಿ, ಕುಟ್ಟಿದ ಪುಡಿಯನ್ನು ಗುಳಿಯಲ್ಲೇ ಬಿಟ್ಟು ಬಟ್ಟೆ ಕಟ್ಟಿದ್ದರು. ಉಳಿದದ್ದನ್ನು ಈ ಶುಕ್ರವಾರ ಕುಟ್ಟಬೇಕು. ಶುರುಮಾಡಿದ ಒರಳಿನಲ್ಲೇ ಮುಗಿಸಬೇಕೆಂಬುದು ಅವರ ಮನೆಯ ಪದ್ಧತಿ.

ಶನಿವಾರ ಮನೆಮಂದಿಯೆಲ್ಲ ಲಗ್ನಪತ್ರಿಕೆ ಹಂಚಲು ಕನಕಪುರದ ಕಡೆ ಹೋದರು. ಎರಡು ವಾರ ಇವತ್ತು ನಾಳೆ ಎಂದು ಆಟ ಆಡಿಸಿದ್ದ ಮಯೂರ್, ಅವರು ಸಂಜೆ ಬರುವಷ್ಟರಲ್ಲಿ ತಗ್ಗು ತುಂಬಿಸಿ ಟೈಲ್ಸ್ ಹಾಕಿ ಮುಗಿಸಿದ್ದ. ಒರಳುಕಲ್ಲು ಮಾತ್ರ ಇರಲಿಲ್ಲ.

ಮಣ್ಣು ಹೊರುತ್ತಿದ್ದ ರೇಣವ್ವ ಅದನ್ನು ಸಾಗಿಸಿರಬೇಕು, ಹಳೇ ಒರಳುಗಳನ್ನು ಗಾರ್ಡನ್ ಅಲಂಕಾರಕ್ಕೆ ಕೊಳ್ಳುವವರಿದ್ದಾರೆ ಎಂದು ಮಯೂರ್ ಹೇಳಿದನಂತೆ. ರೇಣವ್ವ ರಾಯಚೂರು ಕಡೆಯಿಂದ ಬಂದು ಗಾರೆ ಕೆಲಸ ಮಾಡುತ್ತಿದ್ದ ಹೆಂಗಸು. ಗೌರಮ್ಮ ಅವಳನ್ನು ಗೇಟಿನಲ್ಲಿ ನಿಲ್ಲಿಸಿ, ಬೀದಿಯವರೆಲ್ಲ ಕೇಳುವಂತೆ ಕಳ್ಳಿ ಎಂದಿದ್ದರು. ಆಮೇಲೆ ಆ ಬೀದಿಯಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆದಿರಲಿಲ್ಲ.

"ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣವ್ವ," ಎಂದರು ಗೌರಮ್ಮ. "ಈಗ ನೋಡುದ್ರೆ ಹೊಸ ನೆಲದಾಗೆ ಕೆಂಪಗೆ ಏನೋ ಒಸರ್ತಾ ಐತೆ. ರಕ್ತ ಇದ್ದಂಗೈತೆ, ಅಪಶಕುನ ಅಂತಾರೆ ನೆಂಟ್ರು. ಶುಕ್ರವಾರದೊಳಗೆ ಕಲ್ಲು ಸಿಗ್ದಿದ್ರೆ ಏನ್ ಮಾಡ್ಲಿ?"

ಅಕ್ಕ ಕನ್ನಡಕ ಒರೆಸಿಕೊಂಡಳು. "ರಕ್ತದ ಕೆಂಪೋ, ಕುಂಕುಮದ ಕೆಂಪೋ?"

"ಕುಂಕುಮ ಕದಡಿದಂಗೆ."

"ಮಧು, ಚಪ್ಪಲಿ ಹಾಕ್ಕೋ," ಎಂದಳು ಅಕ್ಕ ನನಗೆ.

ಅಡುಗೆಮನೆಯ ಬಾಗಿಲನ್ನು ನಾನೇ ತಳ್ಳಿದೆ. ಅದು ಕಿರ್ರೆಂದು ನೆಲಕ್ಕೆ ಉಜ್ಜಿ ಅರ್ಧಕ್ಕೆ ನಿಂತಿತು. ಹೊಸ ನೆಲ ಹಾಲ್‌ಗಿಂತ ಎರಡು ಬೆರಳು ಎತ್ತರಕ್ಕೆ ಬಂದಿತ್ತು. ಮಯೂರನ ವಂಶವನ್ನೇ ನಾನು ನೆನೆಸಿಕೊಳ್ಳುತ್ತಿದ್ದರೆ, ಅಕ್ಕ ಮಾತ್ರ ಹಬ್ಬದೂಟ ಕಂಡವಳಂತೆ ಖುಷಿಯಾದಳು. ಒರಳು ಎಷ್ಟೆತ್ತರ ಇತ್ತು ಎಂದು ಕೇಳಿದಳು. ಗೌರಮ್ಮ ಮಂಡಿಗಿಂತ ಸ್ವಲ್ಪ ಮೇಲೆ ಕೈಯಿಟ್ಟು ತೋರಿಸಿದರು. ಹಳೇ ತಗ್ಗು ಎಷ್ಟಿತ್ತು ಎಂದರೆ ಸರಿಯಾಗಿ ಮಂಡಿಯವರೆಗೆ. ಒರಳು ಇಟ್ಟಿದ್ದ ಕಿಟಕಿಯ ಮೂಲೆಯಲ್ಲಿ ಒಂದೇ ಒಂದು ಟೈಲ್ ಸುತ್ತ, ಸಂದಿಗೆ ತುಂಬಿದ ಬಿಳಿ ಸಿಮೆಂಟು ಕೆಂಪಾಗಿತ್ತು. ಬೇರೆಲ್ಲೂ ಇರಲಿಲ್ಲ.

ಹಿತ್ತಲಿನಲ್ಲಿ, ಅಡುಗೆಮನೆಯ ಕೆಲಸಕ್ಕೆಂದು ಒಡೆದ ಗೋಡೆಯ ಇಟ್ಟಿಗೆ, ಗಾರೆಚೂರು ರಾಶಿ ಬಿದ್ದಿತ್ತಂತೆ. ಈಗ ಜಾಗ ಖಾಲಿ. ಶನಿವಾರ ಟ್ರ್ಯಾಕ್ಟರಿನಲ್ಲಿ ಸಾಗಿಸಿದೆ ಎಂದಿದ್ದನಂತೆ ಮಯೂರ್. ಅಷ್ಟರಲ್ಲಿ ರಮ್ಯ, ಶನಿವಾರ ಬೆಳಗಿನಿಂದ ರಾತ್ರಿಯವರೆಗೆ ಬೀದಿಗೆ ಅಡ್ಡವಾಗಿ ಬೋರ್‌ವೆಲ್ ಲಾರಿ ನಿಂತಿತ್ತು, ನಾವೇ ಕಾರನ್ನು ಮೇನ್ ರೋಡಿನಲ್ಲಿ ಬಿಟ್ಟು ನಡೆದು ಬಂದೆವು ಎಂದಳು. ಅಕ್ಕ ತಲೆಯಾಡಿಸಿ ಇನ್ನೊಂದು ಲೋಟ ಕಾಫಿ ಕೇಳಿದಳು.

ವಾಪಸು ಬರುವಾಗ ನಾನು ನನ್ನ ತೀರ್ಮಾನ ಹೇಳಿದೆ: ಮಯೂರ್ ಕರೆತಂದಿದ್ದ ಟೈಲ್ಸ್ ಕೆಲಸದ ಮಾಧವನೇ ಕಳ್ಳ. ಅಕ್ಕ ಫೋನ್ ಮಾಡಿದಾಗ ಅವನು ಮೂರು ಸಲ ಕಟ್ ಮಾಡಿದ್ದ.

"ಟೈಲ್ಸ್‌ನೋರು ಎಲ್ಲರ ಫೋನನ್ನೂ ಕಟ್ ಮಾಡ್ತಾರೆ ಕಣೇ," ಎಂದಳು ಅಕ್ಕ.

ಗುರುವಾರ ಹತ್ತು ಗಂಟೆಗೆ ಎಲ್ಲರೂ ಆ ಅಡುಗೆಮನೆಯಲ್ಲಿ ಸೇರಿದೆವು. ಮಯೂರ್ ಕೈಯಲ್ಲಿ ಎರಡು ಫೋನ್ ಹಿಡಿದು, ಇನ್ನೊಂದು ಸೈಟ್ ಇದೆ, ಐದೇ ನಿಮಿಷ ಎನ್ನುತ್ತಲೇ ಬಂದ. ಮಾಧವ ಗೋಡೆಗೊರಗಿ ನಿಂತ. ರೇಣವ್ವ ಗೇಟು ದಾಟಲು ಒಪ್ಪಲಿಲ್ಲ. ಅಕ್ಕ ತಾನೇ ಹೋಗಿ ಕೈಹಿಡಿದು ಕರೆತಂದಳು.

ಅಕ್ಕ ನನ್ನಿಂದ ಒಂದು ತಟ್ಟೆ, ಚಿಟಿಕೆ ಅರಿಶಿನ, ಒಂದು ಲೋಟ ನೀರು ತರಿಸಿದಳು. ಹಿತ್ತಲಲ್ಲಿ ಉಳಿದಿದ್ದ ಚೀಲದಿಂದ ಒಂದು ಚಮಚ ಸಿಮೆಂಟು ತರಿಸಿದಳು. ತಟ್ಟೆಯಲ್ಲಿ ಮೂರನ್ನೂ ಬೆರೆಸಿ ಬೆರಳಿನಿಂದ ಕಲಸಿದಳು. ಹಳದಿ ನೀರು ನೋಡನೋಡುತ್ತಿದ್ದಂತೆ ಕೆಂಪಾಯಿತು.

"ಅಯ್ಯೋ, ಆರತಿ ನೀರು!" ಎಂದರು ಗೌರಮ್ಮ.

"ಅದೇ. ಆರತಿಗೆ ಅರಿಶಿನದ ಜೊತೆ ಸುಣ್ಣ ಹಾಕ್ತೀವಿ, ಕೆಂಪಾಗುತ್ತೆ. ಸಿಮೆಂಟಲ್ಲೂ ಸುಣ್ಣದ ಗುಣವೇ ಇದೆ. ಈ ಮನೇಲಿ ಆರತಿ ಎತ್ತದ ಹೆಂಗಸಿಲ್ಲ. ಆದ್ರೆ ಆರತಿ ನೀರನ್ನ ನೆಲದೊಳಗೆ ಯಾರು ಹುಡುಕ್ತಾರೆ?"

ಆಮೇಲೆ ಒಂದೊಂದಾಗಿ ಬಿಡಿಸಿದಳು. ಬೀದಿಗೆ ಲಾರಿ ಅಡ್ಡವಿದ್ದಾಗ ಟ್ರ್ಯಾಕ್ಟರ್ ಬರಲು ಸಾಧ್ಯವಿರಲಿಲ್ಲ. ಆದರೂ ರಾಶಿ ಮಾಯವಾಗಿದೆ, ಅಂದರೆ ಅದು ಗೇಟು ದಾಟಿಲ್ಲ. ಅಷ್ಟು ಚೂರನ್ನು ನುಂಗುವ ಜಾಗ ಈ ಮನೆಯಲ್ಲಿ ಇದ್ದದ್ದು ಒಂದೇ, ಅಡುಗೆಮನೆಯ ತಗ್ಗು. ರಾಶಿ ಹೊರಗೆ ಹೋಗದ ದಿನ, ಇಬ್ಬರು ಸೇರಿ ಉರುಳಿಸಬೇಕಾದ ಕಲ್ಲು ಹೇಗೆ ಹೊರಗೆ ಹೋದೀತು? ಕಲ್ಲು ತಗ್ಗಿಗಿಂತ ಸ್ವಲ್ಪ ಎತ್ತರ. ಅದನ್ನು ಮುಚ್ಚಬೇಕಾದರೆ ನೆಲವನ್ನೇ ಎತ್ತರಿಸಬೇಕು. ಬಾಗಿಲು ಉಜ್ಜುತ್ತಿರುವುದು ಅದಕ್ಕೇ. ಗುಳಿಯಲ್ಲಿದ್ದ ಅರಿಶಿನ ಸಿಮೆಂಟಿನ ನೀರು ಕುಡಿದು, ಸಂದಿಯಲ್ಲಿ ಕೆಂಪಾಗಿ ಮೇಲೆ ಬಂದಿದೆ.

"ಸುಮ್ನೆ ಊಹೆ ಮೇಡಂ ಇದೆಲ್ಲ," ಎಂದ ಮಯೂರ್.

"ರೇಣವ್ವ, ಶನಿವಾರ ನೀನು ಎಷ್ಟೊತ್ತಿಗೆ ಹೋದೆ?"

"ಮಧ್ಯಾನಕ್ಕ ಹೋದ್ನಿರೀ," ಎಂದಳು ರೇಣವ್ವ. "ಒಳ್ಳ ಬಾಜೂಕ ಸರಸ್ರಿ, ಪೂಜಿ ಮಾಡಿದ್ದೈತಿ ಅಂದೆ. ಇವ್ರು, ನೀ ಮನಿಗಿ ನಡಿ ಅಂದ್ರು."

ಒಳ್ಳ ಅಂದರೆ ಅವರ ಕಡೆ ಒರಳು, ಬಾಜೂಕ ಅಂದರೆ ಪಕ್ಕಕ್ಕೆ ಎಂದು ಅಕ್ಕ ಗೌರಮ್ಮನಿಗೆ ಹೇಳಿದಳು. ಆ ಕಲ್ಲನ್ನು ಕಾಪಾಡಲು ನೋಡಿದ್ದವಳು ಅವಳೊಬ್ಬಳೇ, ಅದಕ್ಕೇ ಅವಳನ್ನು ಮನೆಗೆ ಕಳಿಸಿದ್ದು ಎಂದಳು.

ಗೋಡೆಗೊರಗಿದ್ದ ಮಾಧವ ಅಲ್ಲಿಗೆ ಬಾಯಿಬಿಟ್ಟ. ಟ್ರ್ಯಾಕ್ಟರ್ ಬರಲಿಲ್ಲ, ಮಾರನೆಯ ದಿನ ಕುಮಾರಸ್ವಾಮಿ ಲೇಔಟಿನಲ್ಲಿ ಕೆಲಸ ಶುರುಮಾಡಬೇಕಿತ್ತು, ತಾನು ಬೇಡವೆಂದರೂ ಕೇಳದೆ ಮಯೂರ್ ಕಲ್ಲಿನ ಸಮೇತ ಎಲ್ಲವನ್ನೂ ತುಂಬಿಸಿಬಿಟ್ಟ ಎಂದ. ಹೊಟ್ಟೆಪಾಡಿಗೆ ಸುಮ್ಮನಿದ್ದೆ ಎಂದು ತಲೆ ತಗ್ಗಿಸಿದ.

ಮಯೂರನ ಎರಡು ಫೋನೂ ಜೇಬು ಸೇರಿದವು. "ಹಳೇ ಕಲ್ಲು ತಾನೇ ಮೇಡಂ... ಮಿಕ್ಸಿ ಇದೆಯಲ್ಲ ಅಂದ್ಕೊಂಡೆ."

ಗೌರಮ್ಮನವರ ಕೈಗೆ ಆಗ ಒನಕೆ ಸಿಗದೇ ಇದ್ದದ್ದು ಅವನ ಅದೃಷ್ಟ. ಅಕ್ಕ ಆರತಿ ತಟ್ಟೆಯನ್ನು ಅವನ ಕೈಗಿತ್ತು, ಹೊರಗೆ ಚೆಲ್ಲಿ ಬಂದು ಹಾರೆ ಹಿಡಿ ಎಂದಳು.

ಕೆಂಪು ಸಂದಿಯ ಟೈಲ್ ಎಬ್ಬಿಸಿ, ಹಿಡಿಯಗಲ ಸಿಮೆಂಟು ಕೆತ್ತಿದ ಕೂಡಲೇ ಬಟ್ಟೆಯ ಅಂಚು ಕಂಡಿತು. ಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ರಮ್ಯ ಅಳುತ್ತಾ ನಕ್ಕಳು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಶುಕ್ರವಾರ ಬೆಳಿಗ್ಗೆ ಒರಳನ್ನು ತಿಕ್ಕಿ ತೊಳೆದು ಗೇಟಿನ ಮುಂದೆಯೇ ಇಟ್ಟಿದ್ದರು. ಅದು ಗೌರಮ್ಮನವರ ಹಟ. ಬೀದಿಯ ಹೆಂಗಸರೆಲ್ಲ ನೆರೆದ ಮೇಲೆ ಅವರು ರೇಣವ್ವನನ್ನು ಮುಂದೆ ಕರೆದು, ಅರಿಶಿನ ಕುಂಕುಮ ಕೊಟ್ಟರು.

"ಇದೇ ಗೇಟ್ನಾಗೆ ನಿಂತು ನಿನ್ನ ಕಳ್ಳಿ ಅಂದೆ. ತಪ್ಪಾಯ್ತು ರೇಣವ್ವ. ಮೊದಲ್ನೇ ಒನಕೆ ನೀನೇ ಹಾಕ್ಬೇಕು."

ರೇಣವ್ವ ಸೆರಗು ಸಿಕ್ಕಿಸಿಕೊಂಡು ಒನಕೆ ಎತ್ತಿದಳು. ಮೂರನೆಯ ಪೆಟ್ಟಿಗೆ ತನ್ನೂರಿನ ಕುಟ್ಟುವ ಪದ ಹೇಳತೊಡಗಿದಳು. ಉಳಿದವರು ಪದ ಗೊತ್ತಿಲ್ಲದಿದ್ದರೂ ದನಿಗೂಡಿಸಿದರು. ಹಿಂದುಗಡೆ ಮಯೂರ್ ತಲೆಯ ಮೇಲೆ ಬುಟ್ಟಿ ಹೊತ್ತು ಗಾರೆಚೂರನ್ನು ಹೊರಗೆ ಸಾಗಿಸುತ್ತಿದ್ದ. ಅಂದು ಬೀದಿಯಲ್ಲಿ ಯಾವ ಲಾರಿಯೂ ಇರಲಿಲ್ಲ.

ಕುಟ್ಟಿ ಮುಗಿದಾಗ ಎದುರುಮನೆಯಾಕೆ ಮೆಲ್ಲಗೆ ಹತ್ತಿರ ಬಂದು, ಸೋಮವಾರದಿಂದ ನಮ್ಮನೆ ಕೆಲಸಕ್ಕೆ ಬರ್ತೀಯಾ ಎಂದು ಕೇಳಿದರು. ರೇಣವ್ವ ಹಳದಿಯಾದ ಅಂಗೈಗಳನ್ನೊಮ್ಮೆ ನೋಡಿಕೊಂಡಳು.

"ನಮ್ಮ ರಮ್ಯನ ಮದ್ವಿ ಮುಗೀಲಿರೀ," ಎಂದಳು. "ಆಮ್ಯಾಗ ನೋಡೂಣು."